ಮಿಲಿಟರಿ ಲಾರಿಗೊಂದು ಅಡುಗೆಮನೆ

ಸೈನ್ಯದಲ್ಲಿ ನಿವೃತ್ತಿ ಮನುಷ್ಯರಿಗೆ ಮಾತ್ರ ಎಂದು ತಿಳಿಯಬಾರದು. ಲಾರಿಗಳಿಗೂ ಇದೆ. ಪಿಂಚಣಿಯ ಬದಲು ಅವಕ್ಕೆ ಹರಾಜು. ಸರಕಾರಿ ಸ್ವಾಮ್ಯದ ಎಂಎಸ್‌ಟಿಸಿ ಸಂಸ್ಥೆಯ ಆನ್‌ಲೈನ್ ಹರಾಜಿನಲ್ಲಿ ತುಂಡು ಕಬ್ಬಿಣ, ಹಳೆಯ ಟ್ರಾನ್ಸ್‌ಫಾರ್ಮರುಗಳ ನಡುವೆ ಇವುಗಳ ಸರದಿಯೂ ಬರುತ್ತದೆ. ಮಾರಾಟದ ಷರತ್ತು ಒಂದೇ: ಇದ್ದಲ್ಲಿ, ಇದ್ದ ಹಾಗೆ. ಅಂದರೆ ಗಾಡಿ ಓಡಿದರೆ ನಿಮ್ಮ ಪುಣ್ಯ, ಓಡದಿದ್ದರೆ ನಿಮ್ಮ ಕ್ರೇನು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಸೋದರಳಿಯ ರಾತ್ರಿ ಊಟ ಮುಗಿಸಿ ಈ ಪಟ್ಟಿಯನ್ನು ಓದುತ್ತಾ ಕೂರುತ್ತಾನೆ. ಮದುವೆಯ ವಯಸ್ಸಿನ ಹುಡುಗ ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಗಿಯರ ಫೋಟೊ ನೋಡಬೇಕು. ಇವನು ಲಾರಿಯ ಹಿಂಬದಿಯ ಎಕ್ಸೆಲ್ ನೋಡುತ್ತಾನೆ. ಅಂಥದೊಂದನ್ನು ಕೊಂಡು, ಅದರ ಮೇಲೊಂದು ಮನೆ ಕಟ್ಟಿಕೊಂಡು ಊರೂರು ತಿರುಗಬೇಕಂತೆ.

ಈ ಹುಚ್ಚು ಬಲಿತಿರುವುದು ಜರ್ಮನಿಯಲ್ಲಿ. ಅಲ್ಲಿ ಸರಕಾರದ ಹಳೆಯ ಸಾಮಾನು ಮಾರುವುದಕ್ಕೆಂದೇ ವೆಬೆಗ್ ಎಂಬ ಸಂಸ್ಥೆ ಇದೆ. ಸೈನ್ಯದ ಲಾರಿ ಕೊಂಡವರು ಹಿಂದಿನ ತೊಟ್ಟಿಯನ್ನು ಕಳಚಿ, ಆ ಜಾಗದಲ್ಲಿ ಮಂಚ, ಒಲೆ, ಸ್ನಾನದ ಮೂಲೆ ಇರುವ ಡಬ್ಬವೊಂದನ್ನು ಕೂರಿಸಿ ಸಹಾರಾ ಮರುಭೂಮಿಗೆ ಹೊರಡುತ್ತಾರೆ. ಲಾರಿಗೆ 30 ವರ್ಷ ತುಂಬಿ ಮೂಲರೂಪ ಕೆಡದೆ ಉಳಿದಿದ್ದರೆ ಅದು ಪಾರಂಪರಿಕ ವಾಹನ. ನಂಬರಿನ ಕೊನೆಗೆ ‘ಎಚ್’ ಎಂಬ ಅಕ್ಷರ ಸೇರುತ್ತದೆ. ತೆರಿಗೆ ವರ್ಷಕ್ಕೆ 200 ಯುರೋಗಿಂತಲೂ ಕಡಿಮೆ. ನಮ್ಮಲ್ಲಿ ಹದಿನೈದು ದಾಟಿದ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರು ನೋಡುವ ನೋಟದಲ್ಲಿ ಪರಂಪರೆಯ ಗೌರವವೇನೂ ಕಾಣಿಸುವುದಿಲ್ಲ.

ಹಾಗೆ ನೋಡಿದರೆ ಜರ್ಮನಿಯ ಲಾರಿಗಳು ನಮಗೆ ದೂರದ ನೆಂಟರೇ. ನಮ್ಮ ಸೈನ್ಯದ ಶಕ್ತಿಮಾನ್ ಲಾರಿ ಅಲ್ಲಿನ ಎಂಎಎನ್ ಕಂಪನಿಯ ಪರವಾನಗಿ ಪಡೆದು ಜಬಲ್‌ಪುರದಲ್ಲಿ 1959ರಲ್ಲಿ ಹುಟ್ಟಿತು. ಆಗ ರಕ್ಷಣಾ ಸಚಿವರಾಗಿದ್ದವರು ನಮ್ಮ ನೆರೆಯ ಕೋಝಿಕ್ಕೋಡಿನ ವಿ.ಕೆ. ಕೃಷ್ಣ ಮೆನನ್. 1996ರ ತನಕ ಅದರ ತಯಾರಿ ನಡೆಯಿತು. ಅದಕ್ಕೂ ಹಿಂದೆ, ಎರಡನೆಯ ಮಹಾಯುದ್ಧ ಮುಗಿದಾಗ ಉಳಿದುಹೋದ ಲಾರಿಗಳು ಘಟ್ಟದ ಕಾಡುಗಳಿಗೆ ಮರ ಎಳೆಯಲು ಬಂದವು. ಅಂಥ ಒಂದು ಮುದಿ ಲಾರಿ ರಬ್ಬರ್ ತೋಟದ ಇಳಿಜಾರಿನಲ್ಲಿ ಕೆಲಸ ಮಾಡುವುದನ್ನು ನಿಂತು ನೋಡಿದ್ದೇನೆ. ಬಾಗಿಲಿಲ್ಲ, ದೀಪವಿಲ್ಲ, ಬಾನೆಟ್ಟಿಗೆ ಹಗ್ಗದ ಬಿಗಿ. ಹಿಂದಿನ ಎಡಚಕ್ರ ದಿಮ್ಮಿಯೊಂದನ್ನು ಹತ್ತಿದಾಗ ಗಾಡಿಯ ಅಡಿಯ ಚೌಕಟ್ಟಾದ ಚಾಸಿಯೇ ಹಿಂಡಿದ ಬೈರಾಸಿನಂತೆ ತಿರುಚಿಕೊಂಡಿತು. ಕಮಾನು ಪಟ್ಟಿಗಳು ಕಿರುಗುಟ್ಟಿದವು. ಬಂಪರು ಒಂದು ಕಡೆಗೆ ವಾಲಿದರೆ ಹಿಂದಿನ ಅಡ್ಡಪಟ್ಟಿ ಇನ್ನೊಂದು ಕಡೆಗೆ ವಾಲಿತು. ಆದರೆ ಒಂದು ಚಕ್ರವೂ ನೆಲ ಬಿಡಲಿಲ್ಲ. ಚಾಲಕ ಬೀಡಿಯನ್ನು ಬಾಯಿಯ ಬಲಬದಿಯಿಂದ ಎಡಬದಿಗೆ ವರ್ಗಾಯಿಸಿದ, ಅಷ್ಟೆ.

ಮನೆ ಕಟ್ಟುವವನಿಗೆ ತಲೆನೋವು ಶುರುವಾಗುವುದು ಇಲ್ಲಿಯೇ. ತಿರುಚಿಕೊಳ್ಳುವುದು ಆ ಚಾಸಿಯ ಗುಣ. ಹಳ್ಳದಿಣ್ಣೆಯಲ್ಲಿ ಚಕ್ರಗಳು ನೆಲ ಹಿಡಿದಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಮನೆಗೆ ಮಾತ್ರ ಆ ಗುಣ ಸಲ್ಲದು. ಡಬ್ಬವನ್ನು ನೇರವಾಗಿ ಬೋಲ್ಟು ಹಾಕಿ ಬಿಗಿದರೆ ಮೊದಲ ಘಾಟಿಯಲ್ಲೇ ಗೋಡೆ ಬಿರಿಯುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ, ಒಳಗಿದ್ದವನು ಕಿಟಕಿಯಿಂದ ಇಳಿಯಬೇಕು. ಅದಕ್ಕಾಗಿ ನಡುವೆ ಇನ್ನೊಂದು ಚೌಕಟ್ಟನ್ನಿಟ್ಟು, ಒಂದು ತುದಿಯಲ್ಲಿ ಎರಡು ಕಡೆ, ಇನ್ನೊಂದು ತುದಿಯಲ್ಲಿ ನಟ್ಟನಡುವೆ ತಿರುಗುವ ಕೀಲೊಂದರಲ್ಲಿ, ಹೀಗೆ ಮೂರೇ ಜಾಗದಲ್ಲಿ ಹಿಡಿಸುತ್ತಾರೆ. ಕೆಳಗೆ ಲಾರಿ ಎಷ್ಟು ಕುಣಿದರೂ ಮೇಲಿನ ಮನೆಗೆ ಅದರ ತಿರುಚು ತಾಗುವುದಿಲ್ಲ. ಅಳಿಯ ಇದನ್ನು ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದ. ಚಿತ್ರ ಚೆನ್ನಾಗಿತ್ತು; ನನ್ನ ಕಣ್ಣು ಹೋದದ್ದು ನೀರಿನ ಟ್ಯಾಂಕಿಗೆ. 200 ಲೀಟರ್ ನೀರೆಂದರೆ 200 ಕಿಲೋ ಭಾರ. ಒಂದು ಲೋಟವನ್ನೂ ಒಳಗಿಡುವ ಮೊದಲೇ ಲಾರಿ ಎರಡು ಕ್ವಿಂಟಾಲ್ ಹೊತ್ತಾಯಿತು. ಇನ್ನು ಅದರ ವಿದ್ಯುತ್ತು 24 ವೋಲ್ಟಿನದು, ಅಂಗಡಿಯಲ್ಲಿ ಸಿಗುವ ಫ್ಯಾನು ದೀಪಗಳು ಹೆಚ್ಚಾಗಿ 12ರವು. ನಮ್ಮ ಮುರಕಲ್ಲಿನ ಓಣಿಗಳ ಅಗಲದ ವಿಚಾರ ನಾನು ಎತ್ತಲಿಲ್ಲ. ಹುಡುಗರ ಉತ್ಸಾಹಕ್ಕೆ ಒಂದೇ ದಿನ ಎಲ್ಲ ಕಡೆಯಿಂದ ಕಲ್ಲು ಹಾಕಬಾರದು.

ಕಲ್ಲು ಹಾಕಲು ಕಾನೂನು ಇದೆಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು ಏನು ಹೇಳುತ್ತದೆಂದರೆ, ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು. ಯಾವ ಬಣ್ಣಕ್ಕೆ ಮರುಳಾಗಿ ಲಾರಿ ಕೊಂಡಿರೋ ಮೊದಲು ಅದನ್ನೇ ಕೆರೆದು ತೆಗೆಯಬೇಕು. ಸೈನ್ಯದ ನಂಬರಿನ ಮೊದಲಿಗೆ ಮೇಲ್ಮುಖವಾಗಿ ನಿಂತ ಬಾಣ, ಖರೀದಿಯ ವರ್ಷ ಹೇಳುವ ಎರಡು ಅಂಕೆ, ಅವೂ ಹೋದವು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಆ ಮೊಕದ್ದಮೆ ಹೊರಟದ್ದೂ ನಮ್ಮ ಕೇರಳದಿಂದಲೇ. ಇತ್ತ 2021ರಲ್ಲಿ ಇದೇ ಕೇರಳ ಸರಕಾರ ಕ್ಯಾರವಾನ್ ಪ್ರವಾಸಕ್ಕೆಂದು ನೀತಿಯೊಂದನ್ನು ಹೊರಡಿಸಿ, ಗಾಡಿಯಲ್ಲಿ ಮಲಗಿ ನಾಡು ನೋಡಿ ಎಂದು ಕರೆಯಿತು. ಮಲಗಬಹುದು, ಗಾಡಿಯನ್ನು ನೀವೇ ಕಟ್ಟಿಕೊಂಡು ಬರಬೇಡಿ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಯುರೋಪಿನ ಕಾನೂನು ಓದಿದಾಗ ನನಗೆ ಖುಷಿಯಾಯಿತು. ಗಾಡಿಯೊಂದು ಮನೆಗಾಡಿ ಅನ್ನಿಸಿಕೊಳ್ಳಲು ಅಲ್ಲಿ ಬೇಕಾದದ್ದು ಇಷ್ಟೇ: ಆಸನ ಮತ್ತು ಮೇಜು, ಮಲಗುವ ಜಾಗ, ಅಡುಗೆಯ ವ್ಯವಸ್ಥೆ, ಸಾಮಾನಿಡಲು ಕಪಾಟು. ದೇವರ ಕೋಣೆ ಇಲ್ಲ, ಜಗಲಿ ಇಲ್ಲ, ಬಂದವರು ಕಾಲು ತೊಳೆಯಲು ಚೆಂಬಿಡುವ ಕಟ್ಟೆಯೂ ಇಲ್ಲ. ನಮ್ಮ ಅಡಿಕೆ ತೋಟದ ಮನೆಗಳನ್ನು ಆ ಅಧಿಕಾರಿಗಳಿಗೆ ತೋರಿಸಿದರೆ ಅನಗತ್ಯ ಭಾರವೆಂದು ಮುಕ್ಕಾಲು ಪಾಲನ್ನು ಕಳಚಿಸಿಯಾರು.

ಆದರೆ ಲಾರಿಯಲ್ಲಿ ಸಂಸಾರ ಹೂಡುವುದು ಹೊಸ ಸಂಗತಿ ಎಂದು ಅಳಿಯ ಹೇಳಿದಾಗ ಮಾತ್ರ ನಾನು ಒಪ್ಪಲಿಲ್ಲ. ಯಕ್ಷಗಾನ ಮೇಳದ ಲಾರಿ ನಮಗೆ ಗೊತ್ತಿಲ್ಲವೇ? ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವ ತನಕ ಬಣ್ಣದ ಪೆಟ್ಟಿಗೆ, ಕಿರೀಟ, ರಂಗಸ್ಥಳದ ಕಂಬಗಳ ಮೇಲೆಯೇ ನಿದ್ದೆ ಹೊಡೆದು ಊರಿಂದೂರಿಗೆ ಹೋದವರಿದ್ದಾರೆ. ಇನ್ನು ತಮಿಳುನಾಡಿನ ತಿರುಚೆಂಗೋಡಿನ ಬೋರ್‌ವೆಲ್ ಲಾರಿಗಳು. ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ಕುಡಿದ ಊರು ನಮ್ಮದು; ಈಗ ಉದ್ದಕ್ಕೆ ಕೊರೆಸುತ್ತೇವೆ. ಹೋದ ಬೇಸಗೆಯಲ್ಲಿ ಅಕ್ಕನ ತೋಟಕ್ಕೆ ಟಿಎನ್ 34 ನಂಬರಿನ ಜೋಡಿ ಲಾರಿಗಳು ಬಂದವು, ಒಂದರಲ್ಲಿ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಕಂಪ್ರೆಸರು ಮತ್ತು ಕೊಳವೆ. ನೀರು ಹುಡುಕಲು ಬಂದವರು ಇಳಿದೊಡನೆ ಕೇಳಿದ್ದು ಒಂದು ಕೊಡ ನೀರು. ಕಂಪ್ರೆಸರಿನ ಬದಿಯ ಪೆಟ್ಟಿಗೆ ತೆರೆದರೆ ಒಳಗೆ ಅಡುಗೆಮನೆ: ಗ್ಯಾಸ್ ಒಲೆ, ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆ, ತಂತಿಯಲ್ಲಿ ತೂಗುವ ಈರುಳ್ಳಿ ಚೀಲ. ಯಂತ್ರದ ಗೋಪುರದಿಂದ ಕಂಗಿನ ಮರಕ್ಕೆ ಹಗ್ಗ ಕಟ್ಟಿ ಲುಂಗಿ ಒಣಹಾಕಿದರು. ರಾತ್ರಿ ಲಾರಿಯಡಿ ಚಾಪೆ ಹಾಸಿ ಮಲಗಿದರು. ಕ್ಯಾಂಪರು, ಕ್ಯಾರವಾನು ಯಾವ ಮಾತೂ ಅವರ ಬಾಯಲ್ಲಿ ಬರಲಿಲ್ಲ. ತಿಂಗಳುಗಟ್ಟಲೆ ಹೀಗೇ ಇರುತ್ತಾರೆ, ಹೊಟ್ಟೆಪಾಡು. ಅದನ್ನೇ ಕೈಯಿಂದ ದುಡ್ಡು ಹಾಕಿ ಮಾಡಿದರೆ ವಿಹಾರ.

ಅಳಿಯನನ್ನು ಮೆಚ್ಚಬೇಕು. ಅವನು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಘಾಟಿಯಲ್ಲಿ ಪಾತ್ರೆ ಬಡಿದುಕೊಳ್ಳದಂತೆ ಏನು ಮಾಡುತ್ತೀರಿ ಎಂದು ಹರಕು ತಮಿಳಿನಲ್ಲಿ ಕೇಳಿ ತಿಳಿದುಕೊಂಡ. ನಡುನಡುವೆ ಗೋಣಿ ತುರುಕುತ್ತಾರಂತೆ. ಮದುವೆ ಕಾಗದದ ನಕ್ಷೆಯಲ್ಲಿ ಗೋಣಿಗೊಂದು ಜಾಗ ಬಂತು.

ಅಕ್ಕ ಆ ನಕ್ಷೆಯನ್ನು ಕನ್ನಡಕ ಹಾಕಿ ನೋಡಿದ್ದು ಮೊನ್ನೆ. ಮಂಚ, ಒಲೆ ಯಾವುದಕ್ಕೂ ತಕರಾರಿಲ್ಲ. ಬೆರಳಿಟ್ಟದ್ದು ಚಾವಣಿಯ ಮೇಲೆ.

“ಇದೇನು?”

“ಸೋಲಾರ್ ಹಲಗೆ ಅಮ್ಮಾ, ಕರೆಂಟಿಗೆ.”

“ಇಷ್ಟು ದೊಡ್ಡ ಸಪಾಟು ಜಾಗವನ್ನು ಕರೆಂಟಿಗೆ ಕೊಡುತ್ತೀಯಾ? ಅಡಿಕೆ ಒಣಹಾಕಬಹುದಲ್ಲ.”

ಅಡಿಕೆ ಒಣಗಲು ನಲವತ್ತು ದಿನವಾದರೂ ಬಿಸಿಲು ಬೇಕು, ಅಷ್ಟು ದಿನ ಲಾರಿ ಅಂಗಳದಲ್ಲೇ ನಿಲ್ಲಬೇಕೇ ಎಂದು ಅವನು ರೇಗಿದ. ಅಕ್ಕನಿಗೆ ಅದು ಪ್ರಶ್ನೆಯೇ ಅನ್ನಿಸಲಿಲ್ಲ. “ಯಾಕೆ ನಿಲ್ಲಬೇಕು? ಇಲ್ಲಿ ಮೋಡ ಕಟ್ಟಿದರೆ ಬಿಸಿಲಿರುವ ಊರಿಗೆ ಹೊಡೆದುಕೊಂಡು ಹೋಗು. ನೀನು ಊರು ನೋಡು, ಅಡಿಕೆ ಒಣಗಲಿ.”

ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ಹೊಸ ನಕ್ಷೆಯಲ್ಲಿ ಸೋಲಾರ್ ಹಲಗೆಗಳು ಮುಂದಕ್ಕೆ ಸರಿದಿವೆ, ಚಾವಣಿಯ ಹಿಂದಿನ ಅಂಚಿಗೆ ಅರ್ಧ ಅಡಿ ಎತ್ತರದ ತಡೆಪಟ್ಟಿ ಬಂದಿದೆ. ತಿರುವುಗಳಲ್ಲಿ ಅಡಿಕೆ ಉರುಳಬಾರದಲ್ಲ.