ಕಾಫಿ ತೋಟದ ಲೈಟ್‌ಹೌಸ್

ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯವರು ತಮ್ಮ ನೀರಿನ ಟ್ಯಾಂಕಿಗೆ ಕಪ್ಪು ಬಿಳಿ ಪಟ್ಟೆ ಬಳಿದು, ಮೇಲೊಂದು ದೀಪ ಕೂರಿಸಿ, ಲೈಟ್‌ಹೌಸ್ ಅಂತ ಬೋರ್ಡ್ ಹಾಕಿದ್ದಾರೆ. ಸುತ್ತ ಕಾಫಿ, ಮೆಣಸಿನ ಬಳ್ಳಿ. ಯಾವ ಹಡಗು ಘಾಟಿ ಹತ್ತಿ ಬರುತ್ತದೋ ಗೊತ್ತಿಲ್ಲ. ಸೆಲ್ಫಿಗೆ ಮಾತ್ರ ಸಾಲು ನಿಂತಿರುತ್ತದೆ.

ನೋಡಿಯೂ ನೋಡದ ಹಾಗೆ ಹೋಗಬಹುದಿತ್ತು. ಆಗುವುದಿಲ್ಲ. ಟ್ಯಾಂಕಿಗೆ ಮೇಲೆ ಹೊಟ್ಟೆ, ಕೆಳಗೆ ಸಣಕಲು ಕಂಬ. ಅಸಲಿ ಲೈಟ್‌ಹೌಸಿಗೆ ಬುಡ ದಪ್ಪ, ಮೇಲೆ ಹೋದಂತೆ ಸಣ್ಣ. ಕಡಲ ಗಾಳಿಗೆ ನಿಲ್ಲಬೇಕಲ್ವಾ? ಪಟ್ಟೆಯೂ ಚೆಂದಕ್ಕಲ್ಲ, ಹಗಲಲ್ಲಿ ಹಡಗಿನವರಿಗೆ ಗುರುತು ಸಿಗಲಿ ಅಂತ. ರಾತ್ರಿ ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗಬೇಕು ಅಂತ ಒಂದೊಂದಕ್ಕೂ ಲೆಕ್ಕ ಇರುತ್ತದೆ. ಇವರದ್ದು ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಮನಸ್ಸಿಗೆ ಬಂದಂತೆ ಮಿಣಮಿಣ ಅನ್ನುತ್ತದೆ.

ಇದೆಲ್ಲ ನನ್ನ ತಲೆಗೆ ತುಂಬಿದ್ದು ನಮ್ಮ ಭಾವ. ಒಮ್ಮೆ ಎಲ್ಲರೂ ಕಾಪುವಿನ ಲೈಟ್‌ಹೌಸ್ ನೋಡಲು ಹೋಗಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗಲೇ ಪಾಠ ಶುರು. ಚಾರ್ಮಾಡಿಯ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡುತ್ತಿದ್ದರೆ, ಭಾವ ಫ್ರೆನೆಲ್ ಎಂಬ ಫ್ರೆಂಚ್ ಎಂಜಿನಿಯರನ ಕಥೆಯಲ್ಲಿದ್ದರು. ದಪ್ಪ ಗಾಜಿನ ಬದಲು ಗಾಜಿನ ತುಂಡುಗಳನ್ನೇ ಸುತ್ತುಸುತ್ತಾಗಿ ಜೋಡಿಸಿ, ಬೆಳಕು ಚೆದುರದೆ ಒಂದೇ ದಿಕ್ಕಿಗೆ ಹೋಗುವ ಹಾಗೆ ಮಾಡಿದನಂತೆ. 1823ರಲ್ಲಿ ಫ್ರಾನ್ಸಿನ ಕೊರ್ಡುವಾನ್ ಎಂಬ ಲೈಟ್‌ಹೌಸಿನಲ್ಲಿ ಅದನ್ನು ಮೊದಲು ಉರಿಸಿದ್ದು. "ಎಣ್ಣೆ ದೀಪ ಕಣಯ್ಯ, ಕರೆಂಟಲ್ಲ!" ಹಿಂದಿನ ಸೀಟಿನಲ್ಲಿ ಇನ್ನೊಂದು ಕವರ್ ಕೇಳುತ್ತಿದ್ದರು.

ಕಾಪುವಿನ ಬಂಡೆ ಹತ್ತಿದ್ದಾಯಿತು. "1901ರದ್ದು, 27 ಮೀಟರ್" ಅಂದರು. ಗೋಪುರದ ಬಾಗಿಲು ಬಂದದ್ದೇ ಮಂಡಿನೋವು ನೆನಪಾಯಿತು. ಚುರುಮುರಿ ಪೊಟ್ಟಣ ಹಿಡಿದು ಕೆಳಗೇ ಕೂತರು. ಒಳಗಿನ ಸುತ್ತುಮೆಟ್ಟಿಲಲ್ಲಿ ನಾವು ಏದುಸಿರು ಬಿಡುತ್ತಿದ್ದೆವು. ಅಲ್ಲಿಂದಲೇ ಅವರ ಕೂಗು, "ಮೊದಲು ಪಡುಗಡೆ ನೋಡಿ!" ಪಡುಗಡೆ ಸಮುದ್ರ ಬಿಟ್ಟು ಇನ್ನೇನಿರುತ್ತದೆ? ಇಳಿದು ಬಂದ ಮೇಲೆ, ನಾವು ಮೇಲೆ ಏನೇನು ನೋಡಿದೆವು ಅಂತ ಅವರೇ ನಮಗೆ ವಿವರಿಸಿದರು.

"ಏನ್ರೀ, ಮೇಲಿಂದ ಎಲ್ಲಕ್ಕಿಂತ ಚೆನ್ನಾಗಿ ಕಂಡಿದ್ದು ನಿಮ್ಮ ತಲೆ. ಬಿಸಿಲಿಗೆ ಎಷ್ಟು ಹೊಳೀತಿತ್ತು ಗೊತ್ತಾ?" ಅಂದಳು ಅಕ್ಕ.

ಭಾವ ಕಾರ್ಕಳದವರೆಗೂ ತುಟಿ ಬಿಚ್ಚಲಿಲ್ಲ. ಕಾರಿನಲ್ಲಿ ಅಂಥ ಸುಖ ಮತ್ತೆ ಸಿಕ್ಕಿಲ್ಲ. ಕಾರ್ಕಳ ಬಂತು, ಗೊಮ್ಮಟ ಶುರುವಾದ. 42 ಅಡಿ, 1432ರದ್ದು. "ನಮ್ಮ ಬೆಳಗೊಳದ್ದು ಅದಕ್ಕಿಂತ ಎತ್ತರ ಅಲ್ವಾ?" ಅಂತ ಅಕ್ಕ ಕೆಣಕಿದಳು. ಕೆಣಕಬಾರದಿತ್ತು. ಬಣಕಲ್ ದಾಟುವವರೆಗೂ ಬೆಳಗೊಳವೇ.