ಕಾರು ಶೆಡ್ಡನ್ನು ಮನುಷ್ಯರು ಕೂತು ಕೆಲಸ ಮಾಡುವ ಕೋಣೆಯಾಗಿ ನೋಡೋಣ

ಶಿವಮೊಗ್ಗದ ನಮ್ಮ ಮನೆಯ ಪಕ್ಕಕ್ಕೆ ಅಪ್ಪ ಕಟ್ಟಿಸಿದ ಕಾರು ಶೆಡ್ ಇದೆ. ಒಳಗಿನ ಅಗಲ ಎಂಟೂವರೆ ಅಡಿ, ಉದ್ದ ಹದಿನೆಂಟು ಅಡಿ. ಆಗ ನಮ್ಮಲ್ಲಿದ್ದುದು ಅಂಬಾಸಡರ್, ಸುಮಾರು 1.66 ಮೀಟರ್ ಅಗಲದ ಆ ಕಾರನ್ನು ಅಪ್ಪ ಒಂದು ಗೋಡೆಗೆ ಒತ್ತಿ ನಿಲ್ಲಿಸಿದರೆ ಇನ್ನೊಂದು ಪಕ್ಕದಲ್ಲಿ ಬಾಗಿಲು ತೆಗೆದು ಆರಾಮಾಗಿ ಇಳಿಯುವಷ್ಟು ಜಾಗ ಉಳಿಯುತ್ತಿತ್ತು. ಈಗಿನ ಎಷ್ಟೋ ಕಾರುಗಳು ಕನ್ನಡಿಗಳನ್ನು ಬಿಟ್ಟೇ 1.8 ಮೀಟರಿನ ಆಸುಪಾಸಿನಲ್ಲಿವೆ. ಹೀಗಾಗಿ ನಮ್ಮ ಕಾರು ಅಂಗಳಕ್ಕೆ ಬಂತು, ಶೆಡ್ಡಿಗೆ ಮನೆಯವರೆಲ್ಲ ಬೇಡವೆಂದ ಆದರೆ ಬಿಸಾಡಲು ಮನಸ್ಸು ಬಾರದ ಸಾಮಾನು ಬಂತು. ಸುಟ್ಟ ಮಿಕ್ಸಿ, ಅರ್ಧ ಉಳಿದ ಪೇಂಟ್ ಡಬ್ಬಗಳು, ಬಚ್ಚಲೊಲೆಯ ಸೌದೆ, ಗಣಪತಿ ಹಬ್ಬದ ಮಂಟಪ, ತಂಗಿಯ ಮದುವೆಗೆ ತಂದ ದೊಡ್ಡ ಪಾತ್ರೆಗಳು, ಎಲ್ಲವೂ ಅಲ್ಲಿ ಒಂದರ ಮೇಲೊಂದು ಕೂತಿದ್ದವು.

ಕಳೆದ ಬೇಸಿಗೆಯಲ್ಲಿ ಆ ಶೆಡ್ಡನ್ನು ಸರಿಪಡಿಸಿದೆವು. ಆ ಅನುಭವದಿಂದ ನನಗೆ ಖಚಿತವಾದ ಒಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಶೆಡ್ ಎಂದರೆ ಸಾಮಾನು ತುಂಬುವ ಜಾಗ ಎಂದುಕೊಂಡು ಹೊರಟರೆ ನಾವು ಮೊದಲು ಕೊಳ್ಳುವುದು ರ‍್ಯಾಕುಗಳನ್ನು ಮತ್ತು ಪ್ಲಾಸ್ಟಿಕ್ ಡಬ್ಬಗಳನ್ನು. ಅಲ್ಲಿ ಒಬ್ಬ ಮನುಷ್ಯ ದಿನಕ್ಕೆ ಎರಡು ಗಂಟೆ ಕೂತು ಕೆಲಸ ಮಾಡಬೇಕು ಎಂದುಕೊಂಡು ಹೊರಟರೆ ಕಣ್ಣು ಮೊದಲು ಹೋಗುವುದು ಮಾಡಿಗೆ, ನೆಲಕ್ಕೆ, ಗಾಳಿಗೆ. ಸಾಮಾನಿಗೆ ಸಾಕಾಗುವ ಕೋಣೆ ಮನುಷ್ಯನಿಗೆ ಸಾಕಾಗುವುದಿಲ್ಲ.

ನಮ್ಮ ಮನೆಯಲ್ಲಿ ಈ ಯೋಚನೆ ಬಂದದ್ದು ಅಪ್ಪನಿಂದ. ಅವರಿಗೀಗ ಎಪ್ಪತ್ತೆಂಟು. ಉಳಿ, ಗರಗಸ, ಕೈಬೈರಿಗೆ, ಅರಗಳೆಲ್ಲ ಒಂದು ಟ್ರಂಕಿನಲ್ಲಿದ್ದವು. ಆಯುಧಪೂಜೆಯ ದಿನ ಹೊರಗೆ ಬಂದು, ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಮರುದಿನ ಮತ್ತೆ ಒಳಗೆ ಹೋಗುತ್ತಿದ್ದವು. ವರ್ಷವಿಡೀ ಅವರು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರಿಗೆ ದಾರಿ ಬಿಡುತ್ತ, ಕೊಡೆ, ಕುರ್ಚಿ, ಈಳಿಗೆಮಣೆಗಳನ್ನು ರಿಪೇರಿ ಮಾಡುತ್ತಿದ್ದರು.

ಶೆಡ್ ಖಾಲಿ ಮಾಡುವಾಗ ಕಂಡದ್ದನ್ನು ಹೇಳಲೇಬೇಕು. ಗೋಡೆಗೆ ಒತ್ತಿ, ನೆಲದ ಮೇಲೆ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ನನ್ನ ಮತ್ತು ತಂಗಿಯ ಶಾಲೆಯ ಪುಸ್ತಕಗಳಿದ್ದವು. ಹೊರಗಿನಿಂದ ಪೆಟ್ಟಿಗೆಗೆ ಏನೂ ಆಗಿರಲಿಲ್ಲ, ಮೇಲೆ ಅಂಟಿಸಿದ ಚೀಟಿಯ ಅಕ್ಷರವೂ ಹಾಗೇ ಇತ್ತು. ಎತ್ತಲು ಹೋದರೆ ತೂಕವೇ ಇರಲಿಲ್ಲ; ತಳ ನೆಲದಲ್ಲೇ ಉಳಿಯಿತು. ಒಳಗೆ ಪುಸ್ತಕಗಳ ಜಾಗದಲ್ಲಿ ಒದ್ದೆ ಮಣ್ಣಿನ ಗೂಡು, ಅದರ ನಡುವೆ ನಕ್ಷೆ ಪುಸ್ತಕದ ನೀಲಿ ಅಂಚಿನ ಚೂರುಗಳು. ಗೆದ್ದಲಿಗೆ ರಟ್ಟು ಮರದಷ್ಟೇ ಪ್ರಿಯವಾದ ಆಹಾರ, ಗೋಡೆಗೂ ಪೆಟ್ಟಿಗೆಗೂ ನಡುವಿನ ಕತ್ತಲು ಅದಕ್ಕೆ ಸಿದ್ಧ ದಾರಿ. ಆದ್ದರಿಂದ ಈಗ ಹಾಕಿಸಿದ ಕಬ್ಬಿಣದ ಸ್ಲಾಟೆಡ್ ಆಂಗಲ್ ರ‍್ಯಾಕುಗಳನ್ನು ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದ್ದೇವೆ, ಕೆಳಗಿನ ಹಲಗೆ ನೆಲದಿಂದ ಒಂದು ಅಡಿ ಮೇಲಿದೆ. ಗೆದ್ದಲಿನ ಮಣ್ಣಿನ ಗೆರೆ ಗೋಡೆಯ ಮೇಲೆ ಏರಿದರೆ ಆ ಸಂದಿಯಲ್ಲಿ ಟಾರ್ಚ್ ಹಿಡಿದಾಗ ಕಾಣುತ್ತದೆ, ಕಂಡ ದಿನವೇ ಕೆರೆದು ಔಷಧ ಹಾಕಬಹುದು.

ನೆಲದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಮಳೆಗಾಲದಲ್ಲಿ ಅಂಗಳದ ನೀರು ಒಳಗೆ ಬರುತ್ತಿತ್ತು. ಕಾಂಕ್ರೀಟ್ ಹಾಕಿ ಎತ್ತರಿಸಿ, ಬಾಗಿಲ ಕಡೆಗೆ ಹತ್ತು ಅಡಿಗೆ ಒಂದೂಕಾಲು ಇಂಚಿನಂತೆ ಇಳಿಜಾರು ಕೊಡಿಸಿದೆವು.

ಮಾಡಿನ ವಿಷಯ ಹಾಗಲ್ಲ. ಮೊದಲು ಶೆಡ್ಡಿಗೆ ಇದ್ದದ್ದು ಮಂಗಳೂರು ಹೆಂಚು, ನಡುವೆ ಎರಡು ಗಾಜಿನ ಹೆಂಚು. ಮಂಗಗಳ ಹಾವಳಿಗೆ ಹೆಂಚು ಒಡೆದು ಒಡೆದು ಬೇಸತ್ತು ಅಪ್ಪ ಸಿಮೆಂಟ್ ಶೀಟು ಹಾಕಿಸಿದರು, ಮಲೆನಾಡಿನ ಎಷ್ಟೋ ಮನೆಗಳ ಕತೆಯೇ ಅದು. ನಾವು ಸಿಮೆಂಟ್ ಶೀಟು ಎಂದು ಕರೆಯುವ ಆ ಹಳೆಯ ಶೀಟುಗಳಲ್ಲಿ ಇರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದರ ಎಲ್ಲ ಬಗೆಗಳನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಶೀಟು ಗಟ್ಟಿಯಾಗಿ ಮಾಡಿನ ಮೇಲೆ ಇರುವಷ್ಟು ಕಾಲ ಅಪಾಯ ಕಡಿಮೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ಉಳಿಯುತ್ತವೆ, ಕಾಯಿಲೆ ಕಾಣಿಸಿಕೊಳ್ಳುವುದು ಹತ್ತಾರು ವರ್ಷಗಳ ನಂತರ. ಫ್ಯಾನಿಗೆಂದು, ದೀಪಕ್ಕೆಂದು, ಪೈಪಿಗೆಂದು ಇದೇ ಶೀಟಿಗೆ ಡ್ರಿಲ್ ಹಿಡಿಯುವವರನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಿಸಬೇಡಿ.

ನಮ್ಮ ಶೀಟುಗಳಲ್ಲಿ ಮೂರು ಆಗಲೇ ಬಿರುಕು ಬಿಟ್ಟಿದ್ದವು, ತೆಗೆಯದೆ ದಾರಿ ಇರಲಿಲ್ಲ. ಮೇಸ್ತ್ರಿ ಬಂದು ನೋಡಿ, "ನಾಲ್ಕು ಏಟು ಹಾಕಿದ್ರೆ ಮಧ್ಯಾಹ್ನದೊಳಗೆ ಇಳಿಸಿಬಿಡ್ತೀವಿ ಸಾರ್" ಎಂದರು. ಅವರನ್ನು ಒಪ್ಪಿಸಲು ಒಂದು ಸಂಜೆ ಹಿಡಿಯಿತು. ಶೀಟಿಗೆ ನೀರು ಸಿಂಪಡಿಸಿ ಒದ್ದೆ ಮಾಡಿಕೊಂಡು, ಜೆ-ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಎಸೆಯದೆ, ಒಡೆಯದೆ ಇಡಿಯಾಗಿ ಇಳಿಸಿದರು. ಸೂಕ್ಷ್ಮ ದೂಳು ತಡೆಯುವ ಮಾಸ್ಕ್ ಎಲ್ಲರಿಗೂ ಕೊಟ್ಟೆವು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಅರ್ಧ ದಿನದ ಕೆಲಸ ಎರಡು ದಿನವಾಯಿತು, ಕೂಲಿಯೂ ಅಷ್ಟೇ ಹೆಚ್ಚಾಯಿತು. ನಮ್ಮ ಮನೆಯ ಕೆಲಸಕ್ಕೆ ಬಂದ ಮೂವರು ಹುಡುಗರ ಎದೆಯೊಳಗೆ ನಮ್ಮ ಮಾಡಿನ ದೂಳು ಹೋಗಬಾರದು ಎಂಬುದಕ್ಕೆ ಆ ಹಣ ಹೆಚ್ಚೆಂದು ನನಗೆ ಅನ್ನಿಸಲಿಲ್ಲ. ಈಗ ಬಣ್ಣದ ತಗಡಿನ ಶೀಟು ಬಂದಿದೆ, ಗಾಜಿನ ಹೆಂಚಿನ ಬದಲಿಗೆ ಬೆಳಕು ಬಿಡುವ ಒಂದು ಪಾಲಿಕಾರ್ಬೊನೇಟ್ ಶೀಟು. ಜೋರು ಮಳೆಯಲ್ಲಿ ಸದ್ದು ವಿಪರೀತ, ಅದೊಂದು ಕೊರತೆ ನಿಜ.

ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಎರಡು ಸಿಮೆಂಟ್ ಜಾಲಿ ಕೂರಿಸಿದ್ದೇವೆ. ಇಲ್ಲಿರುವ ಇನ್ವರ್ಟರಿನ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ, ಅದು ಹೊರಹೋಗಲು ದಾರಿ ಬೇಕು; ಅದೇ ಕಾರಣಕ್ಕೆ ಥಿನ್ನರ್, ಪೆಟ್ರೋಲ್ ಕ್ಯಾನುಗಳಿಗೆ ಈಗ ಶೆಡ್ಡಿನೊಳಗೆ ಜಾಗವಿಲ್ಲ. ವಿದ್ಯುತ್ತಿಗೆ ಬೇರೆಯೇ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್), ಸರಿಯಾದ ಅರ್ಥಿಂಗ್, ಕರೆಂಟು ಮೈಗೆ ಸೋರಿದರೆ ಕ್ಷಣದಲ್ಲಿ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇವೆ. ಒದ್ದೆ ನೆಲ, ಬರಿಗಾಲು, ಕೈಯಲ್ಲಿ ಡ್ರಿಲ್ ಇರುವ ಊರಿನಲ್ಲಿ ಇದರಲ್ಲಿ ಉಳಿತಾಯ ಮಾಡಬಾರದು.

ಕೊನೆಗೆ ಮೇಜು. ಹಿತ್ತಿಲ ಬಾಗಿಲು ಬದಲಾಯಿಸಿದಾಗ ಎತ್ತಿಟ್ಟಿದ್ದ ಹಲಸಿನ ಮರದ ಹಳೆಯ ಬಾಗಿಲೇ ಮೇಜಿನ ಹಲಗೆಯಾಯಿತು. ನಿಂತು ಕೆಲಸ ಮಾಡುವ ಮೇಜು ಮಣಿಕಟ್ಟಿನ ಎತ್ತರಕ್ಕಿರಬೇಕು. ಅಪ್ಪ ಹೆಚ್ಚು ಹೊತ್ತು ನಿಲ್ಲಲಾರರಾದ್ದರಿಂದ ಕುರ್ಚಿಗೆ ಹೊಂದುವಂತೆ ಇಪ್ಪತ್ತೆಂಟು ಇಂಚಿಗೆ ಇಳಿಸಿದೆವು. ಎದುರಿನ ಪ್ಲೈವುಡ್ ಹಲಗೆಯ ಮೇಲೆ ಅವರೇ ಪ್ರತಿ ಉಪಕರಣದ ಆಕಾರವನ್ನು ಪೆನ್ಸಿಲಿನಲ್ಲಿ ಬರೆದು, ಮೊಳೆ ಹೊಡೆದು ತೂಗುಹಾಕಿದ್ದಾರೆ. ಯಾರಾದರೂ ಇಕ್ಕಳ ಒಯ್ದರೆ ಇಕ್ಕಳದ ಗೆರೆ ಮಾತ್ರ ಉಳಿಯುತ್ತದೆ, ಸಂಜೆಯೊಳಗೆ ಅಪ್ಪನ ವಿಚಾರಣೆ ಬರುತ್ತದೆ.

ಇಳಿಸಿದ ಶೀಟುಗಳು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಇನ್ನೂ ಹಿತ್ತಿಲಲ್ಲೇ ಇವೆ. ಕಸದ ಗಾಡಿಯವರು ಒಯ್ಯುವುದಿಲ್ಲ, ಎಲ್ಲಿ ಕೊಡಬೇಕೆಂದು ಕೇಳಿದ ಕಡೆ ಉತ್ತರ ಸಿಕ್ಕಿಲ್ಲ. ಪಕ್ಕದ ಬೀದಿಯವರೊಬ್ಬರು ದನದ ಕೊಟ್ಟಿಗೆಗೆ ಬೇಕೆಂದು ಎರಡು ಬಾರಿ ಕೇಳಿದ್ದಾರೆ. ನಾನು ಕೊಟ್ಟಿಲ್ಲ.