ಸ್ವಲ್ಪ ಒತ್ತಾಗಿ ನಿಂತ್ಕೊಳ್ಳಿ

ನಾನು ಒಂದು ಸೇವಾ ಕ್ಲಬ್ಬಿನ ಬುಲೆಟಿನ್ ಸಂಪಾದಕ. ಯಾವ ಕ್ಲಬ್ಬು ಅಂತ ಕೇಳಬೇಡಿ. ಹೇಳಿದರೆ ಮುಂದಿನ ವರ್ಷವೂ ನನ್ನನ್ನೇ ಸಂಪಾದಕ ಮಾಡುತ್ತಾರೆ. ಈ ಹುದ್ದೆಗೆ ಚುನಾವಣೆ ಇಲ್ಲ. ಹುದ್ದೆ ಹಂಚುವ ಸಭೆಗೆ ಯಾರು ಬಂದಿಲ್ಲವೋ ಅವರೇ ಸಂಪಾದಕರು. ಅವತ್ತು ನನಗೆ ಜ್ವರ ಬಂದಿತ್ತು.

ಕೆಲಸ ಕಷ್ಟದ್ದೇನಲ್ಲ. ತಿಂಗಳ ಕೊನೆಗೆ ಕಾರ್ಯದರ್ಶಿಗಳು ನಡೆದ ಕಾರ್ಯಕ್ರಮದ ವರದಿ ಕಳಿಸುತ್ತಾರೆ, ನಾಲ್ಕು ಸಾಲು. ಜೊತೆಗೆ ಅದೇ ಕಾರ್ಯಕ್ರಮದ ಫೋಟೊ. ಕಳೆದ ತಿಂಗಳು 143 ಬಂದವು. ಅವುಗಳಲ್ಲಿ ಆರನ್ನು ಆರಿಸಿ, ಕೆಳಗೆ 'ಎಡದಿಂದ ಬಲಕ್ಕೆ' ಅಂತ ಶುರುಮಾಡಿ ಹೆಸರು ಜೋಡಿಸಬೇಕು. ಒಂದು ಹೆಸರು ಬಿಟ್ಟುಹೋದರೆ ಬೆಳಿಗ್ಗೆ ಆರಕ್ಕೇ ಫೋನ್ ಬರುತ್ತದೆ. ಬುಲೆಟಿನ್ ಓದುವವರೂ ಇದ್ದಾರೆ ಅಂತ ನನಗೆ ಗೊತ್ತಾಗುವುದು ಆಗ ಮಾತ್ರ.

ಕಳೆದ ತಿಂಗಳು ನಡೆದದ್ದು ವೀಲ್‌ಚೇರ್ ಹಸ್ತಾಂತರ. ಒಂದೇ ಒಂದು ವೀಲ್‌ಚೇರ್. ಹಸ್ತಾಂತರಿಸುವ ಹಸ್ತಗಳು ಇಪ್ಪತ್ತೆರಡು.

ಫಲಾನುಭವಿ ಹೇಳಿದ ಸಮಯಕ್ಕೆ ಸರಿಯಾಗಿ ಬಂದಿದ್ದರು. ಅವರನ್ನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದೆವು. ವೀಲ್‌ಚೇರ್ ಒಳಗೆ ವೇದಿಕೆ ಮೇಲೆ ಖಾಲಿ ಇತ್ತು. ಮುಖ್ಯ ಅತಿಥಿಗಳು ಒಂದು ಗಂಟೆ ತಡ. ಅಷ್ಟರಲ್ಲಿ ಫೋಟೊಗ್ರಾಫರ್ ಬೆಳಕು ನೋಡಬೇಕು ಅಂದ. ನಮ್ಮ ಖಜಾಂಚಿಗಳು ಹೋಗಿ ವೀಲ್‌ಚೇರಲ್ಲಿ ಕೂತರು. "ಏನ್ ಆರಾಮಾಗಿದೆ ಕಣ್ರೀ" ಅಂದರು. ಒಂದಷ್ಟು ಫೋಟೊ ಆಯಿತು. ಅವರನ್ನು ಏಳಿಸುವುದೇ ಸ್ವಲ್ಪ ಕಷ್ಟವಾಯಿತು.

ಅತಿಥಿಗಳು ಬಂದರು. ಫಲಾನುಭವಿಯನ್ನು ಕರೆತಂದು ಕೂರಿಸಿದೆವು. ಹನ್ನೊಂದು ಜನ ಸುತ್ತ ನಿಂತರು. ಪ್ರತಿಯೊಬ್ಬರ ಕೈಯೂ ಕುರ್ಚಿಗೆ ತಾಗಿರಬೇಕು, ಇಲ್ಲದಿದ್ದರೆ ಕೊಟ್ಟ ಹಾಗಾಗುವುದಿಲ್ಲ ಅಲ್ವಾ? ಆದರೆ ವೀಲ್‌ಚೇರ್ ಮಾಡುವವರಿಗೆ ಈ ಕಷ್ಟ ಗೊತ್ತಿಲ್ಲ. ಹಿಂದೆ ಎರಡೇ ಹಿಡಿ ಇಟ್ಟಿರುತ್ತಾರೆ. ಅವೆರಡು ಅಧ್ಯಕ್ಷರಿಗೆ ಮತ್ತು ಅತಿಥಿಗಳಿಗೆ ಹೋದವು. ಉಳಿದವರಲ್ಲಿ ಕೆಲವರು ತೋಳು ಹಿಡಿದರು, ಕೆಲವರು ಗಾಲಿ ಹಿಡಿದರು. ಉಪಾಧ್ಯಕ್ಷರು ಮಂಡಿಯೂರಿ ಕಾಲಿಡುವ ಪಟ್ಟಿ ಹಿಡಿದರು. "ಸ್ವಲ್ಪ ಒತ್ತಾಗಿ ನಿಂತ್ಕೊಳ್ಳಿ ಸಾರ್" ಅಂದ ಫೋಟೊಗ್ರಾಫರ್. ಆಮೇಲೆ ಕೂತವರ ಕಡೆ ನೋಡಿ, "ಯಜಮಾನ್ರೇ, ಸ್ವಲ್ಪ ತಲೆ ಬಗ್ಗಿಸ್ತೀರಾ? ಬ್ಯಾನರ್ ಮುಚ್ತಾ ಇದೆ" ಅಂದ.

ಅವರು ತಲೆ ಬಗ್ಗಿಸಿದರು. ಈ ನೂಕಾಟದಲ್ಲಿ ಯಾರದೋ ಕೈ ಬ್ರೇಕಿಗೆ ತಾಗಿ ಕುರ್ಚಿ ಎರಡು ಅಡಿ ಮುಂದೆ ಉರುಳಿತು. ಹನ್ನೊಂದು ಜನವೂ ಎರಡು ಅಡಿ ಮುಂದೆ ಬಂದರು. ಒಬ್ಬರೂ ಕೈ ಬಿಡಲಿಲ್ಲ. ಉಪಾಧ್ಯಕ್ಷರು ಮಂಡಿಯಲ್ಲೇ ಬಂದರು. ನಮ್ಮ ಕ್ಲಬ್ಬಿನಲ್ಲಿ ಇಷ್ಟು ಒಗ್ಗಟ್ಟು ನಾನು ಬೇರೆಲ್ಲೂ ಕಂಡಿಲ್ಲ.

ಬ್ಯಾನರ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಣ್ಣಿನ ಡಾಕ್ಟರ ಕೋಣೆಯಲ್ಲಿ ಅಕ್ಷರಗಳ ಪಟ್ಟಿ ನೋಡಿರುತ್ತೀರಿ, ಮೇಲೆ ದೊಡ್ಡದು, ಕೆಳಗೆ ಹೋದ ಹಾಗೆ ಚಿಕ್ಕದು. ಅದನ್ನು 1862ರಲ್ಲಿ ಮಾಡಿದವರು ಹರ್ಮನ್ ಸ್ನೆಲೆನ್ ಎಂಬ ಡಚ್ ವೈದ್ಯರು. 6 ಮೀಟರ್ ದೂರದಿಂದ ಓದಿಸುತ್ತಾರೆ. ನಮ್ಮ ನೇತ್ರ ತಪಾಸಣಾ ಶಿಬಿರದ ದಿನ ಆ ಪಟ್ಟಿಯನ್ನು ತರುವುದೇ ಮರೆತುಹೋಗಿತ್ತು. ಡಾಕ್ಟರು ಅತ್ತಿತ್ತ ನೋಡಿದರು. ಗೋಡೆ ಮೇಲೆ ನಮ್ಮ ಬ್ಯಾನರ್ ಇತ್ತು. ಎಲ್ಲಕ್ಕಿಂತ ಮೇಲೆ ಅಧ್ಯಕ್ಷರ ಹೆಸರು, ಒಂದೊಂದು ಅಕ್ಷರ ಒಂದೊಂದು ಅಡಿ. ಅದರ ಕೆಳಗೆ ಸ್ವಲ್ಪ ಚಿಕ್ಕದಾಗಿ ಕಾರ್ಯದರ್ಶಿ. ಅದರ ಕೆಳಗೆ ಖಜಾಂಚಿ, ನಿಕಟಪೂರ್ವ ಅಧ್ಯಕ್ಷರು, ನಿರ್ದೇಶಕರು. ತೀರಾ ಕೆಳಗೆ, ಇರುವೆ ಸಾಲಿನ ಹಾಗೆ, ಜಂಟಿ ಖಜಾಂಚಿ. ಡಾಕ್ಟರು ಸುಮ್ನೆ ಒಂದು ಕಡ್ಡಿ ತಗೊಂಡು ಶುರುಮಾಡಿದರು. ನಿರ್ದೇಶಕರವರೆಗೆ ಓದಿದವರಿಗೆ ಪರವಾಗಿಲ್ಲ, ಅಧ್ಯಕ್ಷರೇ ಕಾಣದವರಿಗೆ ಆಪರೇಷನ್. ಜಂಟಿ ಖಜಾಂಚಿಗಳು ಅಲ್ಲೇ ನಿಂತಿದ್ದರು. ತಮ್ಮ ಹೆಸರು ತಮಗೇ ಓದಲು ಆಗಲಿಲ್ಲ. ಅವರಿಗೂ ಒಂದು ಕನ್ನಡಕ ಬರೆದುಕೊಟ್ಟರು. ಆ ಶಿಬಿರದ ಅಸಲಿ ಫಲಾನುಭವಿ ಅವರೇ ಇರಬೇಕು.

ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ 1925ರಲ್ಲಿ ಲಯನ್ಸ್ ಕ್ಲಬ್ಬುಗಳ ಸಮ್ಮೇಳನಕ್ಕೆ ಹೋಗಿ, ಕುರುಡರ ಪರವಾಗಿ ಕತ್ತಲೆಯ ವಿರುದ್ಧ ಹೋರಾಡುವ ವೀರರಾಗಿ ಅಂತ ಕೇಳಿಕೊಂಡಿದ್ದರು. ಲಯನ್ಸಿನವರು ಕಣ್ಣಿನ ಕೆಲಸವನ್ನು ಇವತ್ತಿಗೂ ಬಿಟ್ಟಿಲ್ಲ. ಅವತ್ತು ವೇದಿಕೆ ಮೇಲೆ ಯಾವ ಬ್ಯಾನರ್ ಕಟ್ಟಿದ್ದರೂ ಆಕೆಗೆ ಕಾಣುತ್ತಿರಲಿಲ್ಲ ಬಿಡಿ. ಹಾಗಾಗಿ ನೇರವಾಗಿ ವಿಷಯಕ್ಕೇ ಬಂದಿರಬೇಕು.

ನಮ್ಮ ಸಭೆಗಳಲ್ಲಿ ವಿಷಯಕ್ಕೆ ಬರಲು ತುಂಬಾ ದಾರಿ ಇದೆ. ಮೊದಲು ಗಂಟೆ ಬಾರಿಸಬೇಕು. ಆಮೇಲೆ ಸ್ವಾಗತ. ಸ್ವಾಗತ ಮಾಡುವವರನ್ನು ವೇದಿಕೆಗೆ ಕರೆಯಲು ನಿರೂಪಕರು, ನಿರೂಪಕರನ್ನು ಪರಿಚಯಿಸಲು ಇನ್ನೊಬ್ಬರು. ಅತಿಥಿ ಪರಿಚಯದಲ್ಲಿ ಅತಿಥಿ ಹುಟ್ಟಿ, ಓದಿ, ಕೆಲಸ ಸೇರಿ, ನಿವೃತ್ತಿ ಹೊಂದುವಷ್ಟರಲ್ಲಿ ಅತಿಥಿಗೇ ನಿದ್ದೆ ಬಂದಿರುತ್ತದೆ. ಲಯನ್ಸಿನಲ್ಲಿ 'ಟೈಲ್ ಟ್ವಿಸ್ಟರ್' ಅಂತ ಒಂದು ಹುದ್ದೆಯೇ ಇದೆ, ಬಾಲ ತಿರುಚುವವರು. ಸಭೆಯಲ್ಲಿ ತಮಾಷೆಗೆ ಸಣ್ಣಪುಟ್ಟ ದಂಡ ಹಾಕಿ ಎಲ್ಲರನ್ನೂ ಎಚ್ಚರವಾಗಿ ಇಡುವುದು ಅವರ ಕೆಲಸ. ಒಳ್ಳೆಯ ಹುದ್ದೆ. ನಮ್ಮಲ್ಲಿ ಅಷ್ಟು ಬಾಲಗಳಿಗೆ ಒಬ್ಬರು ಸಾಲುವುದಿಲ್ಲ.

ಇನ್ನು ಹಾಜರಿ. ರೋಟರಿಯಲ್ಲಿ ಒಂದು ಸಭೆ ತಪ್ಪಿಸಿಕೊಂಡವರು ಬೇರೆ ಕ್ಲಬ್ಬಿನ ಸಭೆಗೆ ಹೋಗಿ ಕೂತು ಆ ಹಾಜರಿ ತುಂಬಿಸಿಕೊಳ್ಳಬಹುದು. ಇದಕ್ಕೆ 'ಮೇಕಪ್' ಅನ್ನುತ್ತಾರೆ. ಚೆನ್ನಾಗಿರುವ ಪದ. ನಮ್ಮಲ್ಲೂ ಅದೇ ಪದ ಬಳಸುತ್ತೇವೆ, ಬರೀ ಹಾಜರಿಗೆ ಮಾತ್ರ ಅಲ್ಲ.

ಸರಿ, ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಬುಲೆಟಿನ್ನಿನ ಖಾಲಿ ಜಾಗ ತುಂಬಿಸಲು ಒಂದು ಸಲ ಹಳೆಯ ಇತಿಹಾಸ ಓದುತ್ತಿದ್ದೆ. 1905ರ ಫೆಬ್ರವರಿ 23ರಂದು ಶಿಕಾಗೊದಲ್ಲಿ ನಾಲ್ಕು ಜನ ಒಂದು ಆಫೀಸ್ ಕೋಣೆಯಲ್ಲಿ ಸೇರಿದರು. ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಸಭೆ ಒಬ್ಬೊಬ್ಬರ ಆಫೀಸಿನಲ್ಲಿ ಸರದಿ ಪ್ರಕಾರ ಸುತ್ತುತ್ತಿತ್ತು, ಅದಕ್ಕೇ ರೋಟರಿ ಅಂತ ಹೆಸರು. ಇರುವ ನಾಲ್ವರಲ್ಲಿ ಮುಖ್ಯ ಅತಿಥಿ ಯಾರು, ವಂದನಾರ್ಪಣೆ ಯಾರದು, ಅದೆಲ್ಲ ಹೇಗೆ ನಿಭಾಯಿಸಿದರೋ! ಎರಡು ವರ್ಷ ಬಿಟ್ಟು, 1907ರಲ್ಲಿ, ಆ ಕ್ಲಬ್ಬು ಊರಿಗಾಗಿ ಕೈಹಾಕಿದ ಮೊದಲ ಕೆಲಸ ಏನು ಗೊತ್ತಾ? ಸಾರ್ವಜನಿಕ ಶೌಚಾಲಯ.

ಇದನ್ನು ಓದಿ ನನಗೆ ಹುರುಪು ಬಂತು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಎದ್ದು ನಿಂತೆ. ಬಸ್ ನಿಲ್ದಾಣದ ಹತ್ತಿರ ನಾವೂ ಒಂದು ಶೌಚಾಲಯ ಕಟ್ಟಿಸೋಣ, ಅಲ್ಲಿ ಹೆಂಗಸರಿಗೆ ತುಂಬಾ ಕಷ್ಟ ಇದೆ ಅಂದೆ.

ಸಭೆ ಮೌನವಾಯಿತು.

"ಐಡಿಯಾ ಒಳ್ಳೇದೇ," ಅಂದರು ಅಧ್ಯಕ್ಷರು. "ಆದ್ರೆ ಎಲ್ಲಿ ನಿಂತ್ಕೊಳ್ಳೋದು?"

"ಒಳಗೆ ಕೂರೋದು ಸಾರ್," ಅಂದೆ.

"ಅಯ್ಯೋ, ಫೋಟೊಗೆ ಕಣ್ರೀ."

ಚರ್ಚೆ ನಲವತ್ತು ನಿಮಿಷ ನಡೆಯಿತು. ಬಾಗಿಲ ಮುಂದೆ ನಿಂತರೆ ಕ್ಯೂನಲ್ಲಿ ನಿಂತ ಹಾಗೆ ಕಾಣುತ್ತದೆ. ಬಾಗಿಲಿಗೆ ರಿಬ್ಬನ್ ಕಟ್ಟಿದರೆ ಅರ್ಜೆಂಟ್ ಇರುವವರು ಮೊದಲೇ ಕತ್ತರಿಸಿಬಿಡುತ್ತಾರೆ. ಉದ್ಘಾಟನೆ ಅಂದರೆ ಅತಿಥಿಗಳು ಮೊದಲು ಬಳಸಬೇಕೋ ಬೇಡವೋ ಅಂತ ನಿರ್ದೇಶಕರೊಬ್ಬರು ಕೇಳಿದರು. ಫಲಕದಲ್ಲಿ ಗಂಡಸರು, ಹೆಂಗಸರು ಅಂತ ಬರೆದ ಪಕ್ಕದಲ್ಲೇ ತಮ್ಮ ಹೆಸರು ಬರುವುದು ಬೇಡ ಅಂತ ಕಾರ್ಯದರ್ಶಿಗಳು ಖಡಾಖಂಡಿತವಾಗಿ ಹೇಳಿದರು. ದಿನಾ ತೊಳೆಯುವವರು ಯಾರು ಅಂತ ಕೇಳಿದವರು ಕ್ಲಬ್ಬಿನ ಒಬ್ಬರೇ ಒಬ್ಬ ಮಹಿಳಾ ಸದಸ್ಯೆ. ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಲಿಲ್ಲ.

ಕೊನೆಗೆ ಬಸ್ ನಿಲ್ದಾಣಕ್ಕೆ ಗಡಿಯಾರ ಕೊಡುವುದು ಅಂತ ಠರಾವಾಯಿತು. ಗಡಿಯಾರದ ಕೆಳಗೆ ಹೆಸರಿಗೆ ಜಾಗ ಇದೆ. ಬೇರೇನಕ್ಕೂ ಆಗದಿದ್ದರೂ, ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದೇವೆ ಅಂತ ಜನರಿಗೆ ಗೊತ್ತಾಗುತ್ತದೆ.

ಕ್ಲಬ್ಬುಗಳಿಂದ ಏನೂ ಆಗಿಲ್ಲ ಅಂತಲ್ಲ, ಹಾಗೆ ಹೇಳಿದರೆ ಬಾಯಿಗೆ ಹುಳ ಬೀಳುತ್ತದೆ. ರೋಟರಿ 1985ರಲ್ಲಿ ಪೋಲಿಯೊ ಕೆಲಸಕ್ಕೆ ಕೈಹಾಕಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಸೇರಿ ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ, ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚಿನಲ್ಲಿ ಪೋಲಿಯೊ ಹೋಯಿತು ಅಂತ ಪ್ರಮಾಣಪತ್ರವೂ ಬಂತು. ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮನೆಮನೆ ಸುತ್ತಿದವರು ಲಕ್ಷಗಟ್ಟಲೆ ಜನ. ಎರಡು ಹನಿ ಹಾಕಿ, ಮಗುವಿನ ಕಿರುಬೆರಳಿಗೆ ಮಸಿ ಹಚ್ಚಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಹೋಗುತ್ತಿದ್ದರು. ಅವರು ಬರೆದ ಫಲಕ ಅಂದರೆ ಅದೊಂದೇ. ಅದರಲ್ಲೂ ಅವರ ಹೆಸರಿಲ್ಲ. ಅಂಥವರಿಗೆ ನಾನು 'ಎಡದಿಂದ ಬಲಕ್ಕೆ' ಹೇಗೆ ಬರೆಯಲಿ?

ಮುಂಬರುವ ಕಾರ್ಯಕ್ರಮಗಳನ್ನೂ ಹಾಕಬೇಕು, ಪುಟ ಖಾಲಿ ಬಿಡುವ ಹಾಗಿಲ್ಲ. ಜುಲೈ 1ಕ್ಕೆ ಹೊಸ ವರ್ಷ, ರೋಟರಿಗೂ ಲಯನ್ಸಿಗೂ ನಮಗೂ. ಜುಲೈಯಲ್ಲಿ ಪದಗ್ರಹಣ. ಆಗಸ್ಟಿನಲ್ಲಿ ಪದಗ್ರಹಣಕ್ಕೆ ಓಡಾಡಿದವರಿಗೆ ಸನ್ಮಾನ. ಸೆಪ್ಟೆಂಬರಿನಲ್ಲಿ ಸನ್ಮಾನದಲ್ಲಿ ಬಿಟ್ಟುಹೋದವರಿಗೆ ಸಮಾಧಾನ. ಆಮೇಲೆ ಗವರ್ನರ್ ಭೇಟಿ. ರಾಜ್ಯಪಾಲರಲ್ಲ, ನಮ್ಮ ಸುತ್ತಿನ ಕ್ಲಬ್ಬುಗಳಿಗೆಲ್ಲ ಮೇಲಿನವರು. ಅದಕ್ಕೆ ಒಂದು ತಿಂಗಳು ಮೊದಲಿನಿಂದ ಎಲ್ಲರೂ ಸೇವೆ ಹುಡುಕಿಕೊಂಡು ಬೀದಿ ಸುತ್ತುತ್ತಾರೆ, ರಸ್ತೆ ದಾಟುವ ಮುದುಕರು ಹುಷಾರಾಗಿರಬೇಕು. ಡಿಸೆಂಬರಿನಲ್ಲಿ ಮುಂದಿನ ವರ್ಷದವರ ಆಯ್ಕೆ. ಮರುದಿನದಿಂದ ಈ ವರ್ಷದ ಅಧ್ಯಕ್ಷರ ಫೋನ್ ಯಾರೂ ಎತ್ತುವುದಿಲ್ಲ. ಜನವರಿಯಿಂದ ಮುಂದಿನವರಿಗೆ ತರಬೇತಿ, ಮೇನಲ್ಲಿ ಪ್ರಶಸ್ತಿ ಅರ್ಜಿ, ಜೂನಿನಲ್ಲಿ ಬೀಳ್ಕೊಡುಗೆ. ಮಧ್ಯೆ ಎಲ್ಲಾದರೂ ಎರಡು ಭಾನುವಾರ ಬಿಡುವಾದರೆ ಒಂದು ರಕ್ತದಾನ, ಒಂದು ಗಿಡ ನೆಡುವುದು. ಗಿಡದ ಬಗ್ಗೆ ನಾನು ಬರೆಯುವುದಿಲ್ಲ. ಎಲ್ಲರೂ ಬರೆದಾಗಿದೆ, ಆ ಗುಂಡಿಗೂ ಸಾಕಾಗಿದೆ.

ಪುಟ ಮುಗಿಸಿ ಪ್ರೆಸ್ಸಿಗೆ ಕಳಿಸಬೇಕು ಅನ್ನುವಾಗ ಒಂದು ಫೋನ್ ಬಂತು. ವೀಲ್‌ಚೇರ್ ತಗೊಂಡವರು. ಬ್ರೇಕ್ ಕೆಟ್ಟಿದೆ ಅಂತ ಹೇಳುತ್ತಾರೇನೋ ಅಂದುಕೊಂಡೆ. ಅದಲ್ಲ. "ಸಾರ್, ಅವತ್ತು ತುಂಬಾ ಫೋಟೊ ತೆಗೆದ್ರಲ್ಲ, ನಾನಿರೋದು ಒಂದು ಕಳಿಸ್ತೀರಾ? ಮಗಳು ದೂರದಲ್ಲಿದ್ದಾಳೆ, ನೋಡ್ಬೇಕು ಅಂತಾಳೆ" ಅಂದರು.

ಇದೇನು ಮಹಾ ಅಂತ ಹುಡುಕಲು ಕೂತೆ. 143 ಫೋಟೊವನ್ನೂ ಒಂದೊಂದಾಗಿ ನೋಡಿದೆ. ಅಧ್ಯಕ್ಷರು ಇದ್ದರು, ಅತಿಥಿಗಳು ಇದ್ದರು, ಬ್ಯಾನರ್ ಪೂರ್ತಿ ಇತ್ತು. ಉಪಾಧ್ಯಕ್ಷರ ಬೆನ್ನು ಕೂಡ ಸ್ಪಷ್ಟವಾಗಿತ್ತು. ಕೊನೆಗೆ ಒಂದರಲ್ಲಿ, ಎರಡು ಕೋಟುಗಳ ಸಂದಿಯಲ್ಲಿ, ವೀಲ್‌ಚೇರಿನ ತುದಿಯಲ್ಲಿ ಒಂದು ಮೊಣಕಾಲು ಕಂಡಿತು. ಅದನ್ನೇ ದೊಡ್ಡದು ಮಾಡಿ ಕಳಿಸಿದೆ.

ಐದು ನಿಮಿಷದಲ್ಲಿ ಉತ್ತರ ಬಂತು.

"ಇದು ನನ್ನ ಕಾಲಲ್ಲ ಸಾರ್. ನಿಮ್ಮ ಖಜಾಂಚಿಯವರದ್ದು."